ಸ್ಯಾಂಡ್‌ಬ್ಲಾಸ್ಟಿಂಗ್ ಗನ್ ಕೆಲವೇ ಸೆಕೆಂಡಿನಲ್ಲಿ ಸೊರಗುತ್ತದೆ: ದೋಷ ಗನ್ನಿನದೋ, ಕಂಪ್ರೆಸರಿನದೋ?

ರೋಡ್‌ಕಿಂಗ್ ಮೈಸೂರು:
ತಂದೆಯವರ ಯೆಜ್ಡಿ ಬೈಕನ್ನು ಪೂರ್ತಿ ಬಿಚ್ಚಿ ಮನೆಯಲ್ಲೇ ಸರಿಪಡಿಸುತ್ತಿದ್ದೇನೆ. ಸ್ಟ್ಯಾಂಡ್, ಚೈನ್ ಕವರ್, ಟೂಲ್ ಬಾಕ್ಸ್‌ಗಳ ತುಕ್ಕು ತೆಗೆಯಲು ಗಾಳಿಯ ಒತ್ತಡದಿಂದ ಮರಳು ಚಿಮ್ಮಿಸುವ ಅಗ್ಗದ ಬ್ಲಾಸ್ಟಿಂಗ್ ಗನ್ ತರಿಸಿದೆ. ಡಬ್ಬಿಯಿಂದ ಪೈಪಿನ ಮೂಲಕ ಮರಳನ್ನು ಹೀರಿಕೊಳ್ಳುವ ಬಗೆಯದು. ಗಾಳಿ ಒತ್ತಿ ಕೊಡುವ ಕಂಪ್ರೆಸರ್ 2 ಎಚ್‌ಪಿ, ಟ್ಯಾಂಕ್ 50 ಲೀಟರ್. ಶುರುವಿನಲ್ಲಿ ತುಕ್ಕು ಚೆನ್ನಾಗಿ ಹಾರುತ್ತದೆ, ಅಷ್ಟರಲ್ಲೇ ಒತ್ತಡ ಕುಸಿಯುತ್ತದೆ. ಸ್ವಲ್ಪ ಹೊತ್ತು ಹಾಗೇ ಮುಂದುವರಿಸಿದರೆ ಮರಳು ಒದ್ದೆಯಾಗಿ ಪೈಪಿನಲ್ಲೇ ಗಂಟು ಕಟ್ಟುತ್ತದೆ. ಮನೆ ಕಟ್ಟಿದಾಗ ಉಳಿದ ಎಂ-ಸ್ಯಾಂಡನ್ನು ಜರಡಿ ಹಿಡಿದು ಬಳಸುತ್ತಿದ್ದೇನೆ. ಬೇರೆ ಗನ್ ಕೊಳ್ಳಬೇಕೇ?

ಉಸಿರು ಮೊದಲು:
ಗನ್ನಿನ ಮಾತು ಆಮೇಲೆ. ದಯವಿಟ್ಟು ಎಂ-ಸ್ಯಾಂಡ್ ಬಳಸುವುದನ್ನು ಇಂದೇ ನಿಲ್ಲಿಸಿ. ಅದು ಗ್ರಾನೈಟ್ ಒಡೆದು ಮಾಡಿದ ಮರಳು, ಅದರಲ್ಲಿ ಸಿಲಿಕಾ ಇರುತ್ತದೆ. ಹೊಳೆ ಮರಳಿನದೂ ಅದೇ ಕಥೆ. ಲೋಹಕ್ಕೆ ಬಡಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಬ್ರಿಟನ್ 1949ರ ನಿಯಮಗಳಲ್ಲೇ ಈ ಕೆಲಸಕ್ಕೆ ಮರಳನ್ನು ನಿಷೇಧಿಸಿತು. ಮರಳಿನ ಬದಲು ಗಾರ್ನೆಟ್ ಅಥವಾ ಅಲ್ಯೂಮಿನಿಯಂ ಆಕ್ಸೈಡ್ ಕಣಗಳನ್ನು ತನ್ನಿ, 80 ಮೆಶ್ (ಕಣದ ಗಾತ್ರದ ಅಳತೆ) ಸಾಕು. ಆಗಲೂ ಹಳೆಯ ಬಣ್ಣ ಮತ್ತು ತುಕ್ಕಿನ ಧೂಳು ಇದ್ದೇ ಇರುತ್ತದೆ. ಹಳೆಯ ಬಣ್ಣದಲ್ಲಿ ಸೀಸವೂ ಇರಬಹುದು. ಕರವಸ್ತ್ರ ಕಟ್ಟಿಕೊಂಡರೆ ಉಪಯೋಗವಿಲ್ಲ. ಫಿಲ್ಟರ್ ಇರುವ ರಬ್ಬರ್ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರಬೇಕು. ಮಕ್ಕಳು ಓಡಾಡುವ ಕಡೆ ಈ ಕೆಲಸ ಬೇಡ.

ಗ್ಯಾರೇಜ್ ಗೆಳೆಯ:
ಮೇಲಿನವರು ಹೇಳಿದ್ದನ್ನು ಮೊದಲು ಮಾಡಿ, ಸರ್. ಗನ್ ಬದಲಿಸಬೇಡಿ. ನಿಮ್ಮ ಎರಡೂ ತೊಂದರೆಗಳ ಬೇರು ಒಂದೇ: ಗನ್ ಕೇಳುವಷ್ಟು ಗಾಳಿ ನಿಮ್ಮ ಕಂಪ್ರೆಸರಿನಲ್ಲಿ ಇಲ್ಲ. ಪಿಸ್ಟನ್ ಕಂಪ್ರೆಸರ್ ಒಂದು ಎಚ್‌ಪಿಗೆ ನಿಮಿಷಕ್ಕೆ ಸುಮಾರು 3ರಿಂದ 4 ಘನ ಅಡಿ ಗಾಳಿ ಕೊಡುತ್ತದೆ. ಅದರ ಮೇಲೆ ಬರೆದಿರುವ ದೊಡ್ಡ ಅಂಕಿ ಎಷ್ಟೋ ಸಲ ಪಂಪ್ ಒಳಗೆಳೆಯುವ ಗಾಳಿಯದು, ಹೊರಗೆ ಕೊಡುವುದರದ್ದಲ್ಲ. ಗನ್ನಿನೊಳಗಿನ ಏರ್ ಜೆಟ್, ಅಂದರೆ ಗಾಳಿ ನುಗ್ಗುವ ರಂಧ್ರ, 3 ಮಿ.ಮೀ. ಇದ್ದರೆ 80 ಪಿಎಸ್‌ಐ ಒತ್ತಡದಲ್ಲಿ ಅದು ನಿಮ್ಮ ಯಂತ್ರ ಕೊಡುವುದರ ಎರಡು ಪಟ್ಟಿಗೂ ಹೆಚ್ಚು ನುಂಗುತ್ತದೆ. ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿ ಮುಗಿಯುವವರೆಗೆ ಮಾತ್ರ ಆಟ.

ಮುಂದೆ ಮೋಟಾರ್ ಬಿಡುವಿಲ್ಲದೆ ಓಡಿ ಗಾಳಿ ಬಿಸಿಯಾಗುತ್ತದೆ. ಬಿಸಿ ಗಾಳಿಯ ತೇವ ಟ್ಯಾಂಕಿನಲ್ಲಿ ನಿಲ್ಲದೆ ಪೈಪಿಗೆ ಬಂದು ತಣ್ಣಗಾಗಿ ನೀರಾಗುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಗಾಳಿಯಿಂದ ನೀರನ್ನು ಬೇರ್ಪಡಿಸುವ ವಾಟರ್ ಸೆಪರೇಟರನ್ನು ಕಂಪ್ರೆಸರಿಗೆ ಅಂಟಿಸಿಕೊಂಡೇ ಹಾಕಿದರೆ ಆವಿ ಅದನ್ನು ದಾಟಿ ಹೋಗುತ್ತದೆ. ಉದ್ದನೆಯ ಪೈಪಿನ ಕೊನೆಯಲ್ಲಿ, ಗನ್ನಿನ ಹತ್ತಿರ ಹಾಕಿ. ಟ್ಯಾಂಕಿನ ಅಡಿಯ ನೀರನ್ನು ಪ್ರತಿ ಬಾರಿಯೂ ಬಸಿಯಿರಿ.

ಜೆಟ್ ಅಳೆಯಲು ಡ್ರಿಲ್ ಬಿಟ್‌ನ ಹಿಂತುದಿ ಸಾಕು. 2 ಮಿ.ಮೀ. ಜೆಟ್ ಹಾಕಿ 60 ಪಿಎಸ್‌ಐಗೆ ಇಳಿಸಿ. ರಂಧ್ರದ ವಿಸ್ತೀರ್ಣ ಅರ್ಧಕ್ಕಿಂತ ಕಡಿಮೆಯಾಗುವುದರಿಂದ ಕಂಪ್ರೆಸರ್ ಸರಿದೂಗಿಸಿಕೊಳ್ಳುತ್ತದೆ. ಗನ್ನಿನ ತುದಿಯ ಸೆರಾಮಿಕ್ ನಾಜಲ್ ಜೆಟ್‌ನ ಎರಡರಷ್ಟು ಅಗಲ ಇರಲಿ. ಅದು ಸವೆದು ಅಗಲವಾದರೆ ಹೀರುವ ಶಕ್ತಿಯೇ ಹೋಗುತ್ತದೆ. ಹೀರುಪೈಪನ್ನು ಡಬ್ಬಿಯಿಂದ ಹೊರತೆಗೆದು ಗಾಳಿ ಬಿಟ್ಟು, ಆ ಹೀರುಪೈಪಿನ ಬಾಯಿಗೆ ಬೆರಳಿಡಿ. ಬೆರಳನ್ನು ಎಳೆದರೆ ಗನ್ ಸರಿಯಿದೆ.

ರೋಡ್‌ಕಿಂಗ್ ಮೈಸೂರು:
ಬೆರಳನ್ನು ಬಲವಾಗಿ ಎಳೆಯಿತು. ಜೆಟ್ 3 ಮಿ.ಮೀ. ಇತ್ತು, 2ಕ್ಕೆ ಬದಲಿಸಿ ಗಾರ್ನೆಟ್ ಹಾಕಿದೆ. ನಿಧಾನ, ಆದರೆ ನಿಲ್ಲದೆ ನಡೆಯುತ್ತಿದೆ. ಸ್ಟ್ಯಾಂಡ್ ಬೂದುಬಣ್ಣದ ಶುದ್ಧ ಲೋಹವಾಗಿದೆ! ಮುಂದೆ ಚೈನ್ ಕವರ್. ತಗಡು ತೆಳುವಾಗಿದೆ, ಸೊಟ್ಟಗಾದೀತೆಂಬ ಭಯ.

ಗ್ಯಾರೇಜ್ ಗೆಳೆಯ:
ಆ ಭಯ ಸರಿಯಾದದ್ದೇ. ತಗಡು ಸೊಟ್ಟಗಾಗುವುದು ಕಣಗಳ ಹೊಡೆತಕ್ಕೆ ಒಂದು ಮೈ ಹಿಗ್ಗುವುದರಿಂದ. ಒಂದೇ ಕಡೆ ನಿಲ್ಲಿಸಬೇಡಿ, ಓರೆಯಾಗಿ ಹಿಡಿದು ದೂರದಿಂದ ಆಡಿಸಿ. ಸಪಾಟಾದ ಭಾಗದ ಬಣ್ಣವನ್ನು ಪೇಂಟ್ ರಿಮೂವರ್‌ನಿಂದ ತೆಗೆದು, ಮೂಲೆಗಳಿಗೂ ವೆಲ್ಡಿಂಗ್ ಸಂದುಗಳಿಗೂ ಮಾತ್ರ ಗನ್ ಬಳಸುವುದು ಇನ್ನೂ ಒಳ್ಳೆಯದು. ಅದಕ್ಕೂ ಮುಂಚೆ ಗ್ರೀಸ್ ತೊಳೆಯಿರಿ, ಇಲ್ಲದಿದ್ದರೆ ಗಾರ್ನೆಟ್ ಜಿಡ್ಡಾಗಿ ಮತ್ತೆ ಬಳಸಲು ಬಾರದು. ಥ್ರೆಡ್ ಇರುವ ಬೋಲ್ಟ್ ರಂಧ್ರಗಳಿಗೆ ಹಳೆಯ ಬೋಲ್ಟ್ ಹಾಕಿಡಿ.

ಸ್ಟ್ಯಾಂಡನ್ನು ಬರಿಗೈಯಲ್ಲಿ ಮುಟ್ಟಬೇಡಿ, ನೀರಿನಲ್ಲಿ ತೊಳೆಯಲೂ ಬೇಡಿ. ಒಣ ಗಾಳಿಯಿಂದ ಧೂಳು ಊದಿ, ಇವತ್ತೇ ಎಪಾಕ್ಸಿ ಪ್ರೈಮರ್ (ಬಣ್ಣಕ್ಕೂ ಮುಂಚೆ ಬಳಿಯುವ ಲೇಪ) ಹೊಡೆಯಿರಿ. ಈ ತೇವದಲ್ಲಿ ರಾತ್ರಿ ಹಾಗೇ ಬಿಟ್ಟರೆ ಬೆಳಿಗ್ಗೆಗೆ ಕೆಂಪು ತುಕ್ಕು ಕಾಣುತ್ತದೆ.