ಹಾಲಿನ ಪ್ಯಾಕೆಟ್ಟು ಹಸಿ ಕಸಾನಾ ಒಣ ಕಸಾನಾ?

ಹಾಸನದ ಹೈದ:
ಬೆಂಗ್ಳೂರಿಗೆ ಬಂದು ಒಂದ್ ತಿಂಗಳಾಯ್ತು. ಊರಲ್ಲಿ ತಿಪ್ಪೆಗೆ ಎಸೆದ್ರೆ ಮುಗೀತು, ಇಲ್ಲಿ ಇವತ್ತು ಬೆಳಿಗ್ಗೆ ಕಸದ ಗಾಡಿ ಅಕ್ಕ ನನ್ ಬಕೆಟ್ ನೋಡಿ "ಇದೇನಣ್ಣ ಎಲ್ಲಾ ಮಿಕ್ಸು" ಅಂತ ಹಾಗೇ ವಾಪಸ್ ಕೈಗೆ ಕೊಟ್ರು, ಓನರ್ ಆಂಟಿ ಬೇರೆ ಮೇಲಿಂದ ನೋಡ್ತಾ ನಿಂತಿದ್ರು, ಮಾನ ಹೋಯ್ತು. ತರಕಾರಿ ಸಿಪ್ಪೆ ಹಸಿ, ಪೇಪರ್ ಒಣ ಅಷ್ಟು ಗೊತ್ತು. ಹಾಲಿನ ಪ್ಯಾಕೆಟ್, ಗುಡಿಸಿದ ಧೂಳು, ಕೂದಲು, ಟೀ ಚರಟ, ಮಗೂ ಡೈಪರ್ ಇವೆಲ್ಲಾ ಎಲ್ಲಿಗೆ?

ಜಯನಗರ ಅಜ್ಜಿ:
ಎರಡು ಬಕೆಟ್ಟು ಒಂದು ಚೀಲ ಇಟ್ಕೊಳಪ್ಪ. ಹಸಿರು ಬಕೆಟ್ ಹಸಿಗೆ, ಕೆಂಪು ರಿಜೆಕ್ಟಿಗೆ ಅಂದ್ರೆ ಗೊಬ್ಬರಾನೂ ಆಗದ ಮರುಬಳಕೆಗೂ ಬಾರದ ಕಸಕ್ಕೆ, ಚೀಲ ಒಣದಕ್ಕೆ, ಹೈಕೋರ್ಟೇ 2015ರಲ್ಲಿ ಹೇಳಿದ್ದು. ಚರಟ, ಮೊಟ್ಟೆ ಸಿಪ್ಪೆ ಹಸಿಗೆ, ಆದ್ರೆ ಬಕೆಟ್ಟಿಗೆ ಕವರ್ ಹಾಕ್ಬೇಡ, ಪೇಪರ್ ಹಾಸು ಸಾಕು. ಧೂಳು ಕೂದಲು ಕೆಂಪಿಗೆ. ಡೈಪರ್ ಪೇಪರಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಲ್ಲಿ ಇಂಟು ಮಾರ್ಕ್ ಹಾಕು, ಪಾಪ ಬಿಚ್ಚಿ ನೋಡೋ ಕರ್ಮ ಯಾರಿಗೂ ಬೇಡ.

ಪಿಜಿ ಪರಮೇಶಿ:
ಹಾಲಿನ ಪ್ಯಾಕೆಟ್ ಒಣ, ಆದ್ರೆ ತೊಳೆದು ಒಣಗಿಸಿದ್ರೆ ಮಾತ್ರ. ಮೂಲೆ ಪೂರ್ತಿ ಕತ್ತರಿಸ್ಬೇಡಿ, ಆ ಚೂರು ಯಾರ ಕೈಗೂ ಸಿಗಲ್ಲ, ಸ್ವಲ್ಪ ಸೀಳಿ ಬಿಡಿ. ತೊಳೆದು ಸಿಂಕ್ ಮೇಲಿನ ಟೈಲ್ಸ್‌ಗೆ ಅಂಟಿಸಿ, ಒಣಗಿದ್ಮೇಲೆ ಅದೇ ಕಳಚ್ಕೊಂಡು ಬೀಳುತ್ತೆ. ತೊಳೀದೆ ಹಾಕಿದ್ರೆ ಮೂರ್ನೇ ದಿನ ನಾತ, ಜೊತೇಲಿರೋ ಪೇಪರೂ ಹಾಳು.

ಸುಮ್ನೆ ಒಬ್ಬ:
ಇಷ್ಟೆಲ್ಲಾ ಮಾಡಿ ಏನ್ ಪ್ರಯೋಜನ ಗುರು, ನಮ್ ರೋಡಲ್ಲಿ ಕಣ್ಮುಂದೇನೇ ಎಲ್ಲಾ ಒಂದೇ ಗಾಡಿಗೆ ಸುರೀತಾರೆ.

ಜಯನಗರ ಅಜ್ಜಿ:
ಸುರೀತಾರೆ, ಇಲ್ಲ ಅನ್ನಲ್ಲ, ನಾನೂ ಜಗಳ ಆಡಿದೀನಿ. ಆದ್ರೆ 2014ರಲ್ಲಿ, ಬೆಂಗ್ಳೂರಿನ ಕಸ ಸುರೀತಿದ್ದ ಹಳ್ಳಿ ಮಂಡೂರಿನವ್ರು ನಿಮ್ ಕಸ ನಮಗ್ಯಾಕೆ ಅಂತ ಲಾರಿ ತಡೆದು ಕೂತಿದ್ರಲ್ಲ, ಅದು ಮಿಕ್ಸ್ ಮಾಡಿ ಗುಡ್ಡ ಹಾಕಿದ್ದಕ್ಕೇ ಬಂದ ಗತಿ. ಒಣ ಕಸ ಆ ಗಾಡಿಯವ್ರ ಕೈಗೆ ಕೊಡ್ಬೇಡ, ವಾರ್ಡಿನ ಒಣತ್ಯಾಜ್ಯ ಕೇಂದ್ರಕ್ಕೆ ನೀನೇ ಒಯ್ದು ಕೊಡು.

ಹಾಸನದ ಹೈದ:
ಥ್ಯಾಂಕ್ಸ್ ಅಜ್ಜಿ, ಟೈಲ್ಸ್ ಐಡಿಯಾ ಸೂಪರ್ ಪರಮೇಶಿ. ತೆಂಗಿನ ಕರಟ ಕೇಳೋದೇ ಮರೆತೆ, ಮೂಲೇಲಿ ಒಂದು ರಾಶಿ ಇದೆ.

ಜಯನಗರ ಅಜ್ಜಿ:
ಹಾಸನಕ್ಕೆ ಹೋಗುವಾಗ ಚೀಲ ತುಂಬ್ಕೊಂಡು ಹೋಗು, ನಿಮ್ಮಮ್ಮಂಗೆ ಹಂಡೆ ಒಲೆಗಾಗುತ್ತೆ.