ಜನ ಕಡಿಮೆ ಇರುವ ಕಾಡಿನ ಆಸೆ: ಮಲೆನಾಡಲ್ಲಿ ಬೇಟೆ, ಮೀನು ಅಂತ ಇರಬಹುದಾ?

ಕೇಳಿದವರು (ಬೆಂಗಳೂರಿನಿಂದ, ಊರು ದಾವಣಗೆರೆ):

ಅಣ್ಣಂದಿರೇ, ಅಕ್ಕಂದಿರೇ, ಒಂದು ಸಲಹೆ ಬೇಕಿತ್ತು. ರಾತ್ರಿ ಹೊತ್ತು ಅಲಾಸ್ಕದ ವೀಡಿಯೊ ನೋಡಿ ನೋಡಿ ತಲೆ ಕೆಟ್ಟಿದೆ. ಮರದ ಮನೆಯಲ್ಲಿ ಒಬ್ಬನೇ ಇರುತ್ತಾನೆ. ಹೊಳೆ ತುಂಬ ಮೀನು. ಹಿಮದಲ್ಲಿ ಬೋನು ಇಡುತ್ತಾನೆ, ಬೇಟೆ ಆಡುತ್ತಾನೆ. ಸುತ್ತ ಒಂದು ನರಪಿಳ್ಳೆ ಇಲ್ಲ. ನನ್ನದು ಮನೆಯಿಂದಲೇ ಮಾಡುವ ಕೆಲಸ. ಹೊಸನಗರ ಅಥವಾ ಸಾಗರದ ಹಿನ್ನೀರಿನ ಕಡೆ ಒಂದೆರಡು ಎಕರೆ ತಗೊಂಡು, ವರ್ಷದಲ್ಲಿ ಅರ್ಧ ಕಾಲ ಅಲ್ಲೇ ಇರೋಣ ಅಂತ ಆಸೆ. ಬೇಟೆಗೆ ಲೈಸೆನ್ಸ್ ಸಿಗುತ್ತಾ? ಗಾಳ ಹಾಕಲು ಯಾರನ್ನು ಕೇಳಬೇಕು? ನಿಜವಾಗಿ ಜನ ಇಲ್ಲದ ಜಾಗ ಎಲ್ಲಿದೆ? ಅನುಭವ ಇದ್ದವರು ಹೇಳಿ.

ಹೊಸನಗರ ತಾಲ್ಲೂಕು, ಅಡಿಕೆ ತೋಟದವರು:

ತಮ್ಮಾ, ಬೇಟೆಯ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಆಗುವುದಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಲೈಸೆನ್ಸ್ ಪಡೆದು ಆಡುವ ಬೇಟೆ ಅಂತ ಒಂದಿಷ್ಟು ಉಳಿದಿತ್ತು, 1991ರ ತಿದ್ದುಪಡಿಯಲ್ಲಿ ಅದೂ ಹೋಯಿತು. ಕಾಯ್ದೆಯ ಲೆಕ್ಕದಲ್ಲಿ ಗುಂಡು ಹೊಡೆದರೆ ಮಾತ್ರ ಬೇಟೆ ಅಂತಲ್ಲ. ಉರುಳು ಹಾಕಿದರೂ ಬೇಟೆ, ಬೋನು ಇಟ್ಟರೂ ಬೇಟೆ, ಮೇವು ಹಾಕಿ ಕರೆದರೂ ಬೇಟೆ, ನಾಯಿ ಬಿಟ್ಟು ಅಟ್ಟಿದರೂ ಬೇಟೆ. ಏನೂ ಸಿಗದೆ ಬರಿಗೈಲಿ ಬಂದರೂ, ಪ್ರಯತ್ನ ಮಾಡಿದ್ದಕ್ಕೇ ಕೇಸು. 2022ರ ತಿದ್ದುಪಡಿಯ ನಂತರ ಸಾಮಾನ್ಯ ಪ್ರಕರಣಕ್ಕೆ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಅಭಯಾರಣ್ಯದ ಒಳಗಾದರೆ ಕನಿಷ್ಠವೇ 3 ವರ್ಷ, 7ರವರೆಗೂ ಹೋಗಬಹುದು.

ನಮ್ಮ ಕಡೆ ಮನೆಮನೆಯಲ್ಲಿ ಕೋವಿ ಇದೆಯಲ್ಲ ಅಂತ ಕೇಳಬಹುದು. ಅದು ಬೆಳೆ ರಕ್ಷಣೆಯ ಲೈಸೆನ್ಸ್. ತೋಟಕ್ಕೆ ಬಂದ ಮಂಗ, ಹಂದಿಯನ್ನು ಬೆದರಿಸಲು ಒಂದು ಈಡು ಹೊಡೆಯಬಹುದು, ಅಷ್ಟೇ. ಚುನಾವಣೆ ಬಂತೆಂದರೆ ಅದನ್ನೂ ಸ್ಟೇಷನ್ನಿಗೆ ಒಪ್ಪಿಸಬೇಕು. ಬೆಳೆ ಹಾಳು ಮಾಡುವ ಪ್ರಾಣಿಯನ್ನು ಕೊಲ್ಲಬೇಕಾದರೆ ಅರಣ್ಯ ಇಲಾಖೆಯ ಲಿಖಿತ ಆದೇಶ ಬೇಕು. ಎರಡು ಎಕರೆ ಹೊಸದಾಗಿ ಕೊಂಡವರಿಗೆ ಕೋವಿಯೇ ಸುಲಭಕ್ಕೆ ಸಿಗುವುದಿಲ್ಲ, ಆದೇಶ ಇನ್ನೆಲ್ಲಿ.

ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ನನ್ನ ಅಜ್ಜನ ಕಾಲದಲ್ಲಿ ಹಂದಿ ಬೇಟೆ ಎಂದರೆ ಇಡೀ ಊರಿನ ಕೆಲಸ. ಒಂದಷ್ಟು ಜನ ನಾಯಿ ಜೊತೆ ಹಳು (ಪೊದೆಕಾಡು) ನುಗ್ಗುವುದು, ಕೋವಿ ಇದ್ದವರು ಬಿಲ್ಲಿಗೆ, ಅಂದರೆ ಹಂದಿ ಹಾಯುವ ದಾರಿ ಕಾದು, ಕೂರುವುದು. ಈಡು ಹೊಡೆದವನಿಗೆ ಹೆಚ್ಚಿನ ಪಾಲು, ನಾಯಿಗೂ ಒಂದು ಪಾಲು. ಮುದುಕರು ಆ ಕತೆ ಹೇಳುವಾಗ ಮಾಂಸದ ಮಾತು ಬರುವುದು ಕೊನೆಗೆ. ಗಂಟೆಗಟ್ಟಲೆ ಉಸಿರು ಬಿಗಿಹಿಡಿದು ಕೂತದ್ದು, ಎಲೆ ಸದ್ದಿಗೆ ಕಿವಿ ಕೊಟ್ಟದ್ದು, ಇದನ್ನೇ ಹೆಚ್ಚು ಹೇಳುತ್ತಾರೆ. ಕೂರುವುದಕ್ಕೆ ಯಾವ ಕಾನೂನೂ ಅಡ್ಡಿ ಇಲ್ಲ, ನಿಮ್ಮ ಸ್ವಂತ ಜಾಗದಲ್ಲಿ ಕೂರಿ. ಬೆಳಗಿನ ಜಾವ ತೋಟದ ಅಂಚಲ್ಲಿ ಸುಮ್ನೆ ಕೂತರೆ ಕಾಡುಕೋಳಿ, ಕಾಡುಕುರಿ (ಬೊಗಳುವ ಜಿಂಕೆ), ಅದೃಷ್ಟ ಇದ್ದರೆ ಕಾಡುಕೋಣದ ಹಿಂಡೂ ಕಾಣುತ್ತದೆ. ಕಾಡುಕೋಣ ಕಂಡರೆ ಹತ್ತಿರ ಹೋಗಬೇಡಿ. ವೀಡಿಯೊಗಂತೂ ಬೇಡವೇ ಬೇಡ.

ಉರುಳಿನ ಬಗ್ಗೆ ಇನ್ನೊಂದು ಮಾತು. ಬೈಕಿನ ಕ್ಲಚ್ ವೈರಿನಲ್ಲಿ ಮಾಡುತ್ತಾರೆ. ಹಂದಿಗೆ ಇಟ್ಟದ್ದಕ್ಕೆ ಚಿರತೆ ಬೀಳುತ್ತದೆ, ಪಕ್ಕದ ಮನೆಯ ನಾಯಿ ಬೀಳುತ್ತದೆ. ಬೇಲಿಗೆ ಕರೆಂಟ್ ಕೊಟ್ಟು ಮನುಷ್ಯರೇ ಸತ್ತದ್ದೂ ಇದೆ. ಜಮೀನು ಕೊಂಡ ಮೇಲೆ ಯಾರಾದರೂ ‘ಸರ್, ಒಂದು ಉರುಳು ಇಡಲಾ’ ಅಂದರೆ ಬೇಡ ಅನ್ನಿ. ನಿಮ್ಮ ಜಾಗದಲ್ಲಿ ಸಿಕ್ಕಿದರೆ ಮೊದಲು ಕೇಳುವುದು ನಿಮ್ಮನ್ನೇ.

ಹಿನ್ನೀರಿನ ಆಚೆ, ತುಮರಿ ಕಡೆಯವರು:

ಜನ ಇಲ್ಲದ ಜಾಗ ಅಂತ ಕೇಳಿದಿರಿ. ಇಲ್ಲಿ ಜನ ಯಾಕೆ ಕಡಿಮೆ ಅಂತ ಮೊದಲು ತಿಳಿದುಕೊಳ್ಳಿ. 1964ರಲ್ಲಿ ಶರಾವತಿ ಹೊಳೆಗೆ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಗದ್ದೆ, ತೋಟ, ದೇವಸ್ಥಾನ, ಊರಿಗೆ ಊರೇ ಮುಳುಗಿತು. ಒಂದಷ್ಟು ಜನರನ್ನು ಲಾರಿಯಲ್ಲಿ ತುಂಬಿ ಬೇರೆ ಕಡೆ ಬಿಟ್ಟರು, ಕೆಲವರು ಇಲ್ಲೇ ಗುಡ್ಡ ಹತ್ತಿದರು. ಬೇಸಿಗೆಯಲ್ಲಿ ನೀರು ಇಳಿದಾಗ 1948ರ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಬರುತ್ತದೆ. ಜನ ಫೋಟೊ ತೆಗೆಯಲು ಬರುತ್ತಾರೆ. ನಮ್ಮ ಮನೆಯ ಹಿರಿಯರು ಆ ಕಡೆ ನೋಡುವುದಿಲ್ಲ.

ಮುಳುಗಡೆ ಆದವರಲ್ಲಿ ಎಷ್ಟೋ ಜನರಿಗೆ ಕೂತ ಜಾಗದ ಹಕ್ಕುಪತ್ರ ಇವತ್ತಿಗೂ ಆಗಿಲ್ಲ. ಹಾಗಾಗಿ ‘ಅಗ್ಗಕ್ಕೆ ಎರಡು ಎಕರೆ’ ಅಂತ ಯಾರಾದರೂ ತೋರಿಸಿದರೆ ಪಹಣಿ ನೋಡಿ, ಪೋಡಿ (ಅಳೆದು ಬೇರೆ ಮಾಡಿದ ದಾಖಲೆ) ಆಗಿದೆಯಾ ಕೇಳಿ, ಸರ್ವೆ ಮಾಡಿಸಿ. 2020ರ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು, ಸರಿ. ಆದರೆ ಖಾಲಿ ಕಂಡ ಬೆಟ್ಟವೆಲ್ಲ ಖಾಲಿ ಅಲ್ಲ. ಅದು ಯಾರದೋ ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನಬೆಟ್ಟ ಇರಬಹುದು, ಕಾನು (ದಟ್ಟ ಹಸಿರುಕಾಡು) ಇರಬಹುದು, ಸರ್ಕಾರ ಕಾಡು ಅಂತಲೇ ಪರಿಗಣಿಸುವ ಡೀಮ್ಡ್ ಅರಣ್ಯದ ಪಟ್ಟಿಯಲ್ಲಿ ಇರಬಹುದು. ನಮ್ಮ ಸುತ್ತಲಿನ ಕಾಡಿನಲ್ಲಿ ಬಹಳಷ್ಟು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದೆ. 2019ರಲ್ಲಿ ಅದನ್ನು ಸುಮಾರು 930 ಚದರ ಕಿಲೋಮೀಟರ್‌ಗೆ ಹಿಗ್ಗಿಸಿದರು. ಅಲ್ಲಿ ಅನುಮತಿ ಇಲ್ಲದೆ ಸುಮ್ನೆ ಅಡ್ಡಾಡುವ ಹಾಗೂ ಇಲ್ಲ.

ಇನ್ನು ಹಿನ್ನೀರು ದಾಟಲು ಲಾಂಚ್ (ಜನ, ವಾಹನ ಸಾಗಿಸುವ ದೋಣಿ) ಇದ್ದ ಕಾಲದಲ್ಲಿ ಸಂಜೆ ಕೊನೆಯ ಲಾಂಚ್ ಹೋದ ಮೇಲೆ ಇದು ದ್ವೀಪವೇ ಆಗಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಯಿತು. ನಮಗೆ ಆಸ್ಪತ್ರೆ ಹತ್ತಿರವಾಯಿತು, ಬಹಳ ಒಳ್ಳೆಯದಾಯಿತು. ನಿಮ್ಮಂಥವರಿಗೆ ಬೇಕಾದ ನಿಶ್ಶಬ್ದ ಮಾತ್ರ ಶನಿವಾರ, ಭಾನುವಾರ ಸಿಗುವುದಿಲ್ಲ.

ತೀರ್ಥಹಳ್ಳಿ, ಮೀನಿನ ಹುಚ್ಚಿನವರು:

ಮೀನಿನ ವಿಷಯ ನನಗೆ ಬಿಡಿ ಮಾರಾಯ್ರೆ.

ನಮ್ಮಲ್ಲಿ ಮೀನಿಗೂ ಕಾಲ ಇದೆ. ಜೂನ್ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಾಗಿ ಹರಿಯುತ್ತದೆ. ಆಗ ಹೊಳೆಯ ಮೀನು ಮೊಟ್ಟೆ ಇಡಲು ಹಳ್ಳ ಹತ್ತಿ, ಗದ್ದೆಯ ತನಕ ಬರುತ್ತದೆ. ಅದೇ ಹತ್ತುಮೀನು. ರಾತ್ರಿ ಟಾರ್ಚ್ ಹಿಡಿದು, ಕತ್ತಿ ತಗೊಂಡು ಮೀನು ಕಡಿಯಲು ಹೋಗುವುದು ಇಲ್ಲಿ ಹಬ್ಬದ ಹಾಗೆ. ಮಳೆ ಹೊಯ್ಯುತ್ತಿರುತ್ತದೆ, ಕಂಬಳಿಕೊಪ್ಪೆ ತೊಯ್ದು ಭಾರ, ಮೊಣಕಾಲುದ್ದ ನೀರು, ಅಂಚಿನ ಮೇಲೆ ಯಾರೋ ‘ಓ ಅಲ್ಲಿ, ಅಲ್ಲಿ’ ಅಂತ ಕೂಗು. ಇದರ ಮಜಾ ಬೇರೆ ಎಲ್ಲೂ ಇಲ್ಲ. ಆದರೆ ಹಿಡಿಯುವುದು ಮೊಟ್ಟೆ ತುಂಬಿದ ಮೀನನ್ನು. ಈಗೀಗ ಹಳ್ಳದಲ್ಲಿ ಮೀನೇ ಕಡಿಮೆ, ಇಲಾಖೆಯೂ ಆ ಹೊತ್ತಲ್ಲಿ ಹಿಡಿಯಬೇಡಿ ಅನ್ನುತ್ತದೆ. ನನಗೆ ಕೇಳಿದರೆ ಹತ್ತುವ ಮೀನನ್ನು ಬಿಟ್ಟುಬಿಡಬೇಕು. ಊರಲ್ಲಿ ಇದನ್ನು ಹೇಳಿದರೆ ನಗುತ್ತಾರೆ, ನಗಲಿ.

ಹೊರಗಿನಿಂದ ಬಂದವರು ನೋಡಲೇಬೇಕಾದ್ದು ಕೆರೆಬೇಟೆ. ಸೊರಬ, ಸಾಗರದ ಕಡೆ ಜಾಸ್ತಿ. ಬೇಸಿಗೆಯ ಕೊನೆಗೆ ಕೆರೆ ನೀರು ಇಳಿದಾಗ ಊರವರು ದಿನ ಗೊತ್ತು ಮಾಡುತ್ತಾರೆ. ಪೂಜೆ ಆಗುವ ತನಕ ಯಾರೂ ಇಳಿಯುವ ಹಾಗಿಲ್ಲ. ಆಮೇಲೆ ನೂರಾರು ಜನ ಒಟ್ಟಿಗೆ ಕೂಣಿ ಹಿಡಿದು ನುಗ್ಗುತ್ತಾರೆ. ಕೂಣಿ ಎಂದರೆ ಬಿದಿರು ಕಡ್ಡಿಯದು, ಕೆಳಗೆ ಅಗಲ, ಮೇಲೆ ಕೈ ಹೋಗುವಷ್ಟು ಬಾಯಿ. ಕೆಸರಿಗೆ ಗುದ್ದಿ ಊರುತ್ತಾ ಹೋಗಬೇಕು. ಒಳಗೆ ಮೀನು ಬಡಿದರೆ ಕೈಗೆ ಗೊತ್ತಾಗುತ್ತದೆ, ಆಗ ಮೇಲಿನಿಂದ ಕೈ ಹಾಕಿ ಹಿಡಿಯುವುದು. ಕೊರವ ಸಿಕ್ಕರೆ ಪುಣ್ಯ, ಮುರುಗೋಡು ಸಿಕ್ಕರೆ ಮುಳ್ಳು ಜೋಪಾನ. ಎಷ್ಟೋ ಊರಲ್ಲಿ ಕೂಣಿಗೆ ಇಷ್ಟು ಅಂತ ದುಡ್ಡು ಇರುತ್ತದೆ, ಅದು ದೇವಸ್ಥಾನಕ್ಕೆ ಅಥವಾ ಊರ ಕೆಲಸಕ್ಕೆ. ಪರವೂರವರನ್ನೂ ಸೇರಿಸಿಕೊಳ್ಳುತ್ತಾರೆ. ಜನ ಇಲ್ಲದ ಜಾಗ ಬೇಕು ಅಂದವರಿಗೆ ಇದು ತದ್ವಿರುದ್ಧ, ಆದರೂ ಒಮ್ಮೆ ಇಳಿದು ನೋಡಿ.

ಗಾಳಕ್ಕೆ: ಊರ ಕೆರೆಗಳು ಹೆಚ್ಚಾಗಿ ಹರಾಜಾಗಿರುತ್ತವೆ ಅಥವಾ ಮೀನುಗಾರರ ಸಂಘಕ್ಕೆ ಹೋಗಿರುತ್ತವೆ. ಪಂಚಾಯ್ತಿಯಲ್ಲಿ ಕೇಳಿ, ಗುತ್ತಿಗೆ ಹಿಡಿದವರನ್ನೂ ಕೇಳಿ. ಹಿನ್ನೀರಲ್ಲಿ ಬಲೆ ಹಾಕಲು ಮೀನುಗಾರಿಕೆ ಇಲಾಖೆಯ ಲೈಸೆನ್ಸ್ ಬೇಕು. ತಾಲ್ಲೂಕು ಕಚೇರಿಯಲ್ಲಿ ಆ ವರ್ಷದ ನಿಯಮ ಹೇಳುತ್ತಾರೆ. ತೀರ್ಥಹಳ್ಳಿಯ ಛಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ, ಶೃಂಗೇರಿ ಮಠದ ಮುಂದೆ ಮೀನು ಮುಟ್ಟುವ ಮಾತೇ ಇಲ್ಲ. ತೋಟೆ ಸಿಡಿಸುವುದು, ಬ್ಲೀಚಿಂಗ್ ಪೌಡರ್ ಕಲಸುವುದು 1897ರ ಕಾಯ್ದೆಯಿಂದಲೇ ಅಪರಾಧ. ಇನ್ನೊಂದು, ಹಿನ್ನೀರಿನ ತಳದಲ್ಲಿ ಮುಳುಗಡೆ ಕಾಲದ ಮರದ ಬೊಡ್ಡೆಗಳಿವೆ. ತೆಪ್ಪ ಅದಕ್ಕೆ ತಾಗಿದರೆ ಮಗುಚಿತು ಅಂತಲೇ. ಈಜು ಬರುತ್ತದೆ ಅಂತ ಲೈಫ್ ಜಾಕೆಟ್ ಬಿಡಬೇಡಿ. ಸಂಜೆ ಗಾಳಿ ಎದ್ದರೆ ಈಜು ಬರುವವರೂ ಒಂದೇ, ಬರದವರೂ ಒಂದೇ.

ಸಾಗರದವ, ಈಗ ಇರುವುದು ಆಂಕರೇಜ್‌ನಲ್ಲಿ:

ಅಲಾಸ್ಕದ ಮಾತು ಬಂತು ಅಂತ ಬರೆಯುತ್ತಿದ್ದೇನೆ. ಇಲ್ಲಿ 2020ರ ಜನಗಣತಿಯ ಪ್ರಕಾರ ಸುಮಾರು 7.33 ಲಕ್ಷ ಜನ. ಎರಡು ಚದರ ಕಿಲೋಮೀಟರ್‌ಗೆ ಒಬ್ಬರು ಅಂದುಕೊಳ್ಳಿ. ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ 2011ರಲ್ಲೇ ಒಂದು ಚದರ ಕಿಲೋಮೀಟರ್‌ಗೆ 207 ಜನ. ನೋಡುವುದಕ್ಕೆ ಎರಡೂ ಕಾಡೇ, ಲೆಕ್ಕ ಮಾತ್ರ ಬೇರೆ.

ಇಲ್ಲೂ ಯಾರೂ ತಮಗೆ ಬೇಕಾದ ಹಾಗೆ ಕೋವಿ ಎತ್ತಿ ಹೋಗುವ ಹಾಗಿಲ್ಲ. ಬೇಟೆಗೆ ಲೈಸೆನ್ಸ್ ಬೇಕು, ಪ್ರಾಣಿಗೆ ತಕ್ಕ ಹಾಗೆ ಕಾಲ, ಮಿತಿ ಇದೆ. ಬೋನಿಗೂ ಬೇರೆ ಲೈಸೆನ್ಸ್. 12 ತಿಂಗಳು ವಾಸ ಆದ ಮೇಲೆ ಸ್ಥಳೀಯ ಅಂತ ಲೆಕ್ಕ. ಬೇರೆ ದೇಶದಿಂದ ಬೇಟೆಗೆ ಅಂತ ಬಂದವರು ದೊಡ್ಡ ಪ್ರಾಣಿ ಹೊಡೆಯಬೇಕಾದರೆ ಲೈಸೆನ್ಸ್ ಇರುವ ಗೈಡ್ ಜೊತೆಗಿರಲೇಬೇಕು. ಮೂಸ್ ಅಂತ ದೊಡ್ಡ ಕಡವೆಯಂಥದ್ದು ಇದೆಯಲ್ಲ, ಅದನ್ನು ಹೊಡೆದು ತಿನ್ನುವ ಮಾಂಸ ಕಾಡಲ್ಲೇ ಬಿಟ್ಟು ಬಂದರೆ ಅದೇ ಅಪರಾಧ. ಸಾಲ್ಮನ್ ಮೀನು ಸಮುದ್ರದಿಂದ ಹೊಳೆ ಹತ್ತಿ ಬರುವುದು ಥೇಟ್ ನಮ್ಮ ಹತ್ತುಮೀನೇ. ಕೀನೈ ಹೊಳೆಯಲ್ಲಿ ಕೈಬಲೆಯಿಂದ ಹಿಡಿಯಲು ಸ್ಥಳೀಯರಿಗೆ ಮಾತ್ರ ಅವಕಾಶ, ಅದೂ ಮನೆಗೆ ಇಷ್ಟು ಅಂತ ಎಣಿಸಿ. ಕಾಡಲ್ಲಿ ಮನೆ ಕಟ್ಟಿ ಭೂಮಿ ಪುಕ್ಕಟೆ ಪಡೆಯುವ ಹೋಮ್‌ಸ್ಟೆಡ್ ಕಾನೂನು 1986ಕ್ಕೇ ಮುಗಿದಿದೆ. ವೀಡಿಯೊದವರು ಇದನ್ನೆಲ್ಲ ತೋರಿಸುವುದಿಲ್ಲ.

ಸೊರಬ ಕಡೆಯ ನರ್ಸ್ ಒಬ್ಬರು:

ಎಲ್ಲರೂ ಜೈಲು, ದಂಡ ಹೇಳಿದಿರಿ, ಉಣ್ಣೆ, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಹುಳದ ಬಗ್ಗೆ ಯಾರೂ ಹೇಳಲಿಲ್ಲ. ಮಂಗನ ಕಾಯಿಲೆ ಹರಡುವುದು ಅದೇ. ಮಂಗನ ಕಾಯಿಲೆ ಮೊದಲು ಗೊತ್ತಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, 1957ರಲ್ಲಿ. ಡಿಸೆಂಬರ್‌ನಿಂದ ಮೇ ತನಕ ಜೋರು. ಅಂದರೆ ಪೇಟೆಯವರಿಗೆ ಕಾಡು ಸುತ್ತಲು ಹಿತವಾದ ಕಾಲವೇ. ದರಗು (ಒಣ ಎಲೆ) ಗುಡಿಸುವಾಗ, ಸೌದೆಗೆ ಹೋದಾಗ, ನೆಲದ ಮೇಲೆ ಕೂತಾಗ ಸಣ್ಣ ಉಣ್ಣೆ ಮರಿ ಹತ್ತುತ್ತದೆ, ಕಣ್ಣಿಗೇ ಕಾಣುವುದಿಲ್ಲ. ಕಾಡಿಗೆ ಹೋಗುವ ಮೊದಲು ಉಣ್ಣೆ ಹತ್ತದಂತೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಆರೋಗ್ಯ ಕೇಂದ್ರದಲ್ಲಿ ಕೇಳಿ. ತುಂಬು ತೋಳಿನ ಬಟ್ಟೆ ಹಾಕಿ. ವಾಪಸ್ ಬಂದು ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೋ ಪಂಚಾಯ್ತಿಗೋ ತಿಳಿಸಿ. ಕಾಡಿಗೆ ಹೋಗಿ ಬಂದ ವಾರದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮಲಗಬೇಡಿ. ಬೆಂಗಳೂರಿಗೆ ಹೋದ ಮೇಲೆ ಬಂದರೂ ಡಾಕ್ಟರಿಗೆ ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಅಂತ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಅವರಿಗೆ ಹೊಳೆಯುವುದೇ ಇಲ್ಲ.

ಇನ್ನೊಬ್ಬರು, ಆಗುಂಬೆ ಘಾಟಿಯ ಹತ್ತಿರದವರು:

ಉಂಬಳ (ಜಿಗಣೆ) ಬಿಟ್ಟುಬಿಟ್ಟಿರಲ್ಲ! ಅರ್ಧ ವರ್ಷ ಇಲ್ಲೇ ಇರುತ್ತೇನೆ ಅನ್ನುವವರು ಮೊದಲು ಒಂದು ಜುಲೈ ಬಾಡಿಗೆ ಮನೆಯಲ್ಲಿ ಕಳೆಯಿರಿ. ಕರೆಂಟ್ ದಿನಗಟ್ಟಲೆ ಇಲ್ಲ, ನೆಟ್‌ವರ್ಕ್ ಗುಡ್ಡದ ತುದಿಯಲ್ಲಿ ಮಾತ್ರ, ಬಟ್ಟೆ ಒಣಗುವುದು ಒಲೆ ಮೇಲೆ. ಮನೆಯಿಂದ ಮಾಡುವ ಕೆಲಸ ಹೇಗೆ ಆಗುತ್ತದೋ ನೋಡಿ, ಆಮೇಲೆ ಜಮೀನು.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಕೋವಿಯ ಆಸೆ ಬಿಟ್ಟೆ. ಜಮೀನಿನ ಆಸೆ ಇನ್ನೂ ಇದೆ, ಆದರೆ ಮೊದಲು ಬಾಡಿಗೆ ಮನೆ. ಅಂದಹಾಗೆ, ಕೂಣಿ ಎಲ್ಲಿ ಸಿಗುತ್ತದೆ?

ತೀರ್ಥಹಳ್ಳಿ, ಮೀನಿನ ಹುಚ್ಚಿನವರು:

ಅಂಗಡಿಯಲ್ಲಿ ಹುಡುಕಬೇಡಿ. ಕೆರೆಬೇಟೆ ಇರುವ ಊರಲ್ಲಿ ಬಿದಿರು ಕೆಲಸದವರು ಕಟ್ಟಿಕೊಡುತ್ತಾರೆ, ಬೇಸಿಗೆ ಶುರುವಿನಲ್ಲೇ ಹೇಳಿಡಬೇಕು. ನಿಮ್ಮ ಎತ್ತರ ಹೇಳಿ, ಬಗ್ಗಿದರೆ ಕೈ ತಳ ಮುಟ್ಟುವ ಹಾಗೆ ಇರಬೇಕು. ಮೊದಲ ಸಲ ಬರುವುದಾದರೆ ಕೊಳ್ಳಲೇಬೇಡಿ, ಯಾರಾದರೂ ಕೊಡುತ್ತಾರೆ. ಹಳೆಯ ಪ್ಯಾಂಟ್ ಹಾಕಿಕೊಂಡು ಬನ್ನಿ.