ಭೇದಿಗೆ "ಹೋದ ಸಲದ ಗುಳಿಗೆ" ಕೇಳುವವರಿಗೆ ಏನು ಹೇಳಬೇಕು?

ಪ್ರಶ್ನೆ: ಔಷಧ ಅಂಗಡಿ, ಗಂಗಾವತಿ
ಭತ್ತದ ನಾಟಿಯ ದಿನಗಳಲ್ಲಿ ಕೂಲಿಯವರು ಸಂಜೆ ಅಂಗಡಿಗೆ ಬಂದು, ಬೆಳಗಿನಿಂದ ಐದಾರು ಸಲ ನೀರಿನಂತೆ ಭೇದಿಯಾಗಿದೆ, ಹೋದ ಸಲದ ಗುಳಿಗೆಯನ್ನೇ ಎರಡು ಕೊಡಿ ಎನ್ನುತ್ತಾರೆ. ಅವರು ಕೇಳುವುದು ಆಫ್ಲಾಕ್ಸಾಸಿನ್, ಆರ್ನಿಡಜೋಲ್ ಎರಡೂ ಸೇರಿದ ಆಂಟಿಬಯಾಟಿಕ್ ಗುಳಿಗೆ. ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರಬಾರದೆಂದು ಗೊತ್ತಿದ್ದೂ ನಾನು ಹಲವು ವರ್ಷ ಸ್ಟ್ರಿಪ್ಪಿನಿಂದ ಎರಡೆರಡು ಗುಳಿಗೆ ಕತ್ತರಿಸಿ ಕೊಟ್ಟಿದ್ದೇನೆ. ಈಗ ಮನಸ್ಸು ಒಪ್ಪುತ್ತಿಲ್ಲ. ಕೊಡುವುದಿಲ್ಲವೆಂದರೆ, ನಾಳೆಯ ಕೂಲಿ ತಪ್ಪಿದರೆ ನೀವು ಕೊಡುತ್ತೀರಾ ಎಂದು ಕೇಳಿ ಮುಂದಿನ ಅಂಗಡಿಗೆ ಹೋಗುತ್ತಾರೆ.

ಉತ್ತರ: ವೈದ್ಯೆ, ಸಿಂಧನೂರು
ವಯಸ್ಕರಿಗೆ ದಿಢೀರನೆ ಹತ್ತಿಕೊಳ್ಳುವ ನೀರಿನಂಥ ಭೇದಿಯು ಬಹುಪಾಲು ವೈರಾಣುವಿನಿಂದಲೋ ತಾನಾಗಿ ಅಡಗುವ ಬೇರೆ ಸೋಂಕಿನಿಂದಲೋ ಬಂದಿರುತ್ತದೆ. ವೈರಾಣುವಿನ ಮೇಲೆ ಆಂಟಿಬಯಾಟಿಕ್ ಏನೂ ಮಾಡಲಾರದು. ಮೂರನೆಯ ದಿನ ಭೇದಿ ತಾನೇ ನಿಂತಾಗ ಹೆಸರು ಮಾತ್ರ ಗುಳಿಗೆಗೆ ಬರುತ್ತದೆ, ಅದೇ ಮುಂದೆ "ಹೋದ ಸಲದ ಗುಳಿಗೆ" ಆಗುತ್ತದೆ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಆಂಟಿಬಯಾಟಿಕ್ಕೇ ಭೇದಿ ತರುವುದುಂಟು, ಔಷಧಕ್ಕೆ ಬಗ್ಗದವು ಉಳಿದು ಬೆಳೆಯುವುದೂ ಉಂಟು.

ಮಲದಲ್ಲಿ ನೆತ್ತರು, ಭೇದಿಯ ಜೊತೆಗೆ ಜ್ವರ, ಅಥವಾ ಕಾಲರಾದ ಗುರುತಾದ ಅಕ್ಕಿ ತೊಳೆದ ನೀರಿನಂಥ ಭೇದಿ, ಇವುಗಳಲ್ಲಿ ಯಾವುದಿದ್ದರೂ ಅಂಥವರನ್ನು ತಡಮಾಡದೆ ಆಸ್ಪತ್ರೆಗೆ ಕಳಿಸಿ. ಆದರೆ ಕಾಲರಾದಲ್ಲಿಯೂ ಜೀವ ಉಳಿಸುವುದು ಮೊದಲು ನೀರು ಮತ್ತು ಲವಣ, ಆಮೇಲೆ ಔಷಧ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬೀಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಕಲಸಿದ ನೀರನ್ನು ಕುಡಿಸಿ ಇದನ್ನು ತೋರಿಸಿಕೊಟ್ಟರು.

ಉತ್ತರ: ಆಶಾ ಕಾರ್ಯಕರ್ತೆ, ಸಿರುಗುಪ್ಪ ತಾಲ್ಲೂಕು
ಜನ ಓಆರ್‌ಎಸ್, ಅಂದರೆ ಪಾಕೀಟಿನಲ್ಲಿ ಸಿಗುವ ಉಪ್ಪು-ಗ್ಲೂಕೋಸ್ ಪುಡಿ ಕಲಸಿದ ನೀರು, ಕುಡಿಯುವುದನ್ನು ನಡುವೆ ಬಿಡುವುದು, ಕುಡಿದರೂ ಭೇದಿ ನಿಲ್ಲಲಿಲ್ಲವೆಂಬ ಕಾರಣಕ್ಕೆ. ಆದ್ದರಿಂದ ನಾನು ಮೊದಲೇ ಹೇಳಿಬಿಡುತ್ತೇನೆ: ಇದು ಭೇದಿಯನ್ನು ತಡೆಯುವುದಿಲ್ಲ, ಮೈಯಿಂದ ಹೋದ ನೀರನ್ನು ತುಂಬಿ ನಿಮ್ಮನ್ನು ಎದ್ದು ನಿಲ್ಲುವಂತೆ ಮಾಡುತ್ತದೆ. ಈ ಮಾತು ಕೂಲಿಯವರಿಗೆ ಬೇಗ ನಾಟುತ್ತದೆ. ಕೆಲವರು ಅರ್ಧ ಪಾಕೀಟನ್ನು ಒಂದು ಲೋಟಕ್ಕೆ ಸುರಿಯುತ್ತಾರೆ, ಅದು ತಪ್ಪು. ದೊಡ್ಡ ಪಾಕೀಟು ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೇ ಬೀಳಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕುಡಿಯಲಿ. ಜೋಳದ ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ ಜೊತೆಗಿರಲಿ, ಉಪವಾಸ ಬೇಡ.

ಪ್ರಶ್ನೆ ಕೇಳಿದವರು
ನಾಳೆಯಿಂದ ಗಲ್ಲೆಯ ಪಕ್ಕದಲ್ಲಿ ಒಂದು ಲೀಟರಿನ ಖಾಲಿ ಬಾಟಲಿ ಇಟ್ಟುಕೊಂಡು ಅಳತೆ ತೋರಿಸುತ್ತೇನೆ. ಸಕ್ಕರೆ ಕಾಯಿಲೆಯವರಿಗೂ ಓಆರ್‌ಎಸ್ ಕೊಡಬಹುದೇ?

ವೈದ್ಯೆ, ಸಿಂಧನೂರು
ಕೊಡಬಹುದು. ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ ಇರುತ್ತದೆ, ಕರುಳು ಉಪ್ಪನ್ನು ಹೀರಿಕೊಳ್ಳಲು ಅದು ಬೇಕೇ ಬೇಕು. ಆದರೆ ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರು ಭೇದಿಯ ದಿನಗಳಲ್ಲಿ ಅವುಗಳ ಬಗ್ಗೆ ತಮ್ಮ ವೈದ್ಯರನ್ನು ಅದೇ ದಿನ ಕೇಳಲೇಬೇಕು.